ಆಕಾಶದಿಂದ ಹಲಕುಂದಿಯ ಹೊಲ

ಬಳ್ಳಾರಿಯ ನೆರೆಯ ಹಲಕುಂದಿಯಲ್ಲಿ ಒಂದು ಎಕರೆ ಹೊಲವಿದೆಯೆಂದು ಭಾವಿಸಿರಿ. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಪೈರು ಬಾಡುತ್ತಿರುವುದು 900 ಕಿಲೋಮೀಟರು ಮೇಲಿನಿಂದ ಕಂಡೀತೆ?

ಇದಕ್ಕೆ ಉತ್ತರ ಹುಡುಕಿದವರ ಮುಂದಾಳು, ತಾರುಣ್ಯದಲ್ಲಿ ಇದೇ ಬಳ್ಳಾರಿಯಲ್ಲಿ ಇಂಟರ್‌ಮೀಡಿಯೆಟ್ ಓದಿದ ಪ್ರೊಫೆಸರ್ ಯು. ಆರ್. ರಾವ್. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ರಾಯರು ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್‌ಸಿ. ಮುಗಿಸಿ, ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳನ್ನು ಅಭ್ಯಸಿಸಿದರು. ಅಮೆರಿಕದಲ್ಲಿ ಕೆಲಕಾಲ ಸಂಶೋಧನೆ ನಡೆಸಿ 1966ರಲ್ಲಿ ಮರಳಿದರು. ನೆಲವನ್ನು ಮರೆತು ಆಕಾಶವನ್ನೇ ನೋಡುವ ವಿದ್ಯೆ ಅದು! ಅಂಥವರು ಹೊಲಗದ್ದೆಗಳತ್ತ ದೃಷ್ಟಿ ತಿರುಗಿಸಿದ್ದೇ ಸ್ವಾರಸ್ಯ.

ಅವರ ಮುಂದಾಳುತನದಲ್ಲಿ, 1975ರಲ್ಲಿ ಆರ್ಯಭಟ ಹಾರಿದ ಮೇಲೆ, ಭೂಮಿಯನ್ನು ನೋಡಲೆಂದೇ 1979ರಲ್ಲಿ ಭಾಸ್ಕರ ಮೇಲೇರಿತು. ಅದರ ಕ್ಯಾಮರಾದ ಒಂದು ಚುಕ್ಕೆಯೆಂದರೆ ನೆಲದ ಮೇಲೆ ಸುಮಾರು ಒಂದು ಕಿಲೋಮೀಟರು ಚೌಕ; ಹಳ್ಳಿಯೊಂದರ ಮನೆಮಠಗಳೆಲ್ಲ ಅದರಲ್ಲೇ ಅಡಗಿಯಾವು.

1988ರ ಮಾರ್ಚ್ 17ರಂದು ಏರಿದ ಐ.ಆರ್.ಎಸ್.-1ಎ ಉಪಗ್ರಹದ ಕಣ್ಣು ಹೆಚ್ಚು ಚುರುಕು. ಅದರ ಒಂದು ಬಗೆಯ ಕ್ಯಾಮರಾದ ಚುಕ್ಕೆ 72.5 ಮೀಟರು ಚೌಕ. ನಮ್ಮ ಎಕರೆ ಹೊಲ ಅದರೊಳಗೂ ಮುಳುಗಿಹೋಗುತ್ತದೆ. ಇನ್ನೊಂದು ಬಗೆಯದು 36.25 ಮೀಟರು, ಅಲ್ಲಿ ಹೊಲವು ಸುಮಾರು ಮೂರು ಚುಕ್ಕೆಯಷ್ಟಾಗುತ್ತದೆ. ನಳನಳಿಸುವ ಎಲೆಯು ಕೆಂಪಿಗೂ ಆಚೆಯ, ಕಣ್ಣಿಗೆ ಕಾಣದ ಬೆಳಕನ್ನು ಹೆಚ್ಚಾಗಿ ಪ್ರತಿಫಲಿಸುವುದರಿಂದ, ಪೈರಿನ ಸೊಗಸೋ ಸೊರಗೋ ಆ ಚುಕ್ಕೆಗಳಲ್ಲಿ ತಿಳಿಯುತ್ತದೆ.

ಆ ಉಪಗ್ರಹ 22 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾಯುತ್ತಿತ್ತು. ಆ ದಿನ ಮೋಡ ಕವಿದಿದ್ದರೆ ಇನ್ನೂ 22 ದಿನ ಕಾಯಬೇಕು. ಮುಂಗಾರು ಬೆಳೆಯ ಮಟ್ಟಿಗೆ ಅದು ಸಣ್ಣ ಅವಧಿಯಲ್ಲ.