ತೂಕದ ಆಪರೇಷನ್ ಒಂದು, ಡಯಟ್ ಚೀಟಿ ಮೂರು: ಯಾರ ಮಾತು ಕೇಳೋದು?

ಇವತ್ತು ತೂಕ ಇಳಿಸೋ ಆಪರೇಷನ್ ಆದಮೇಲಿನ ಊಟದ ಬಗ್ಗೆ ಮಾತಾಡೋಣ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಒಂದು ಮನೆ ಅಂದ್ಕೊಳ್ಳಿ. ಮಗಳು ಬೆಂಗಳೂರಲ್ಲಿ ಸ್ಲೀವ್ ಆಪರೇಷನ್ ಮಾಡಿಸ್ಕೊಂಡು ಊರಿಗೆ ಬಂದಿದ್ದಾಳೆ. ಆಸ್ಪತ್ರೆ ಚೀಟಿಯಲ್ಲಿ ‘ಎರಡು ವಾರ ಬರೀ ದ್ರವ’ ಅಂತಿದೆ. ಯೂಟ್ಯೂಬ್‌ನಲ್ಲಿ ಯಾರೋ ಅಷ್ಟರೊಳಗೇ ಮೊಟ್ಟೆ ತಿಂತಿದ್ದಾರೆ. ಅದೇ ಆಪರೇಷನ್ ಆದ ಗೆಳತಿಗೆ ಅವಳ ಡಾಕ್ಟರು ‘ಒಂದು ತಿಂಗಳು ಗಟ್ಟಿ ಪದಾರ್ಥ ಬೇಡ’ ಅಂದಿದ್ದಾರೆ. ಅಮ್ಮಂದು ಒಂದೇ ಹಟ: ‘ಗಂಜಿ ಕುಡಿಯೇ, ನಿತ್ರಾಣ ಆಗ್ತೀಯ.’

ಯಾರು ಸರಿ? ಮೊದಲು ಒಳಗೆ ಏನಾಗಿದೆ ನೋಡೋಣ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದು, ಉಳಿದದ್ದನ್ನು ಬಾಳೆಕಾಯಿ ಆಕಾರದ ಕೊಳವೆ ಮಾಡಿರ್ತಾರೆ. ಬೈಪಾಸ್‌ನಲ್ಲಿ ಪುಟ್ಟ ಚೀಲ ಮಾಡಿ ನೇರ ಕರುಳಿಗೆ ಜೋಡಿಸ್ತಾರೆ. ಆ ಹೊಲಿಗೆ ಮಾಯೋ ತನಕ ಒತ್ತಡ ಬೀಳಬಾರದು. ಅದಕ್ಕೇ ಮೊದಲು ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಕೊನೆಗೆ ಮಾಮೂಲಿ ಊಟ. ಈ ಕ್ರಮದ ಬಗ್ಗೆ ಹೆಚ್ಚು ತಕರಾರಿಲ್ಲ. ತಕರಾರಿರೋದು ತಾರೀಖಿನ ಬಗ್ಗೆ. ಯಾವ ಹಂತ ಎಷ್ಟು ದಿನ ಅನ್ನೋದು ಬಹುತೇಕ ಆಯಾ ವೈದ್ಯರ ತಂಡದ ಅನುಭವದಿಂದ ಬಂದದ್ದು. ಹಾಗಾಗಿ ಎರಡು ಚೀಟಿ ಬೇರೆ ಬೇರೆ ಇದ್ದಮಾತ್ರಕ್ಕೆ ಒಂದು ಸುಳ್ಳು ಅಂತಲ್ಲ. ಆದ್ರೆ ನಿಮ್ಮ ಹೊಲಿಗೆ ಹಾಕಿದವರು ಕೊಟ್ಟ ತಾರೀಖೇ ನಿಮ್ಮದು. ಮೂರು ಚೀಟಿಯಿಂದ ನಮಗಿಷ್ಟವಾದ ಸಾಲು ಆರಿಸ್ಕೊಳ್ಳೋ ಹಾಗಿಲ್ಲ.

ಈಗ ಅಮ್ಮನ ಗಂಜಿ. ಅದು ವಿಷವೇನಲ್ಲ, ಸಾಲೋದಿಲ್ಲ ಅಷ್ಟೇ. ಅಮೆರಿಕದ ವೈದ್ಯ ಸಂಘಗಳ 2019ರ ಮಾರ್ಗಸೂಚಿ ಪ್ರಕಾರ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗೋದು ಸುಮಾರು 6 ಗ್ರಾಂ, ಒಂದು ಲೋಟ ಹಾಲಲ್ಲಿ ಹೆಚ್ಚುಕಡಿಮೆ ಅಷ್ಟೇ. ಎರಡು ಚಮಚ ರಾಗಿಹಿಟ್ಟಿನ ಅಂಬಲಿಯಲ್ಲಿ 2 ಗ್ರಾಂ ಕೂಡ ಇರಲ್ಲ. ಅರ್ಧ ಲೋಟ ಹಿಡಿಯೋದೇ ಕಷ್ಟವಾಗಿರೋ ಹೊಟ್ಟೆಗೆ ಗಂಜಿಯನ್ನೇ ತುಂಬಿದ್ರೆ ಉಳಿದದ್ದಕ್ಕೆ ಜಾಗ ಎಲ್ಲಿ? ಶುರುವಿನಲ್ಲಿ ಡಾಕ್ಟರು ಪ್ರೋಟೀನ್ ಪುಡಿ ಬರೆಯೋದು ಇದಕ್ಕೇ. ಅರೆದ ಊಟದ ಹಂತಕ್ಕೆ ಬಂದಮೇಲೆ ನುಣ್ಣಗೆ ಬೇಯಿಸಿದ ಹೆಸರುಬೇಳೆ, ಮೊಸರು, ಮೆತ್ತಗಿನ ಪನೀರ್ ನಮ್ಮ ಅಡುಗೆಮನೆಯಲ್ಲೇ ಆಗುತ್ತೆ. ಮೆಣಸು ಹಾಕದ ಒಂದೆಲಗದ ತಂಬುಳಿ ಆಗುತ್ತಾ ಅಂತ ಡಯಟಿಷಿಯನ್‌ನ ಕೇಳಿ. ಅವರ ಚೀಟಿಯಲ್ಲಿ ತಂಬುಳಿ ಇಲ್ಲದಿರೋದು ಅದು ಕೆಟ್ಟದ್ದು ಅಂತಲ್ಲ, ಬರೆದವರಿಗೆ ಮಲೆನಾಡು ನೆನಪಾಗಿರಲ್ಲ, ಅಷ್ಟೇ!

ಬೈಪಾಸ್ ಆದವರಿಗೆ ಸಿಹಿ ಬೇರೆ ಕಥೆ. ಜಾತ್ರೆಯ ಬೆಂಡು-ಬತ್ತಾಸು ಬಾಯಿಗೆ ಹಾಕಿದ್ರೆ ಸಕ್ಕರೆ ಸೀದಾ ಕರುಳಿಗಿಳಿದು ಬೆವರು, ಎದೆಬಡಿತ, ಭೇದಿ ಆಗಬಹುದು. ಇದಕ್ಕೆ ಡಂಪಿಂಗ್ ಅಂತಾರೆ. ಸ್ಲೀವ್ ಆದವರಿಗೆ ಇದು ಕಮ್ಮಿ.

ಮಾತ್ರೆ ಬಿಡೋ ವಿಷಯದಲ್ಲಿ ಮಾತ್ರ ಯಾರ ಸಲಹೆಯನ್ನೂ ಸುಮ್ಮನೆ ಒಪ್ಪಬೇಡಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಸಾಮಾನ್ಯವಾಗಿ ಜೀವಮಾನವಿಡೀ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಮಧ್ಯೆ 2 ಗಂಟೆ ಅಂತರ ಇರಲಿ.

ವಾಂತಿ ನಿಲ್ತಾ ಇಲ್ಲ ಅಂದ್ರೆ ‘ಊಟ ಒಗ್ಗಲಿಲ್ಲ’ ಅಂತ ಕಾಯಬೇಡಿ. ವಿಟಮಿನ್ ಬಿ1 ಖಾಲಿಯಾದ್ರೆ ನರ, ಮಿದುಳಿಗೆ ಪೆಟ್ಟು. ಜ್ವರ, ಜೋರು ಎದೆಬಡಿತ, ತಡೆಯಲಾರದ ಹೊಟ್ಟೆನೋವು ಇದ್ರೆ ಹೊಲಿಗೆ ಸೋರ್ತಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ಡಿಸ್ಚಾರ್ಜ್ ಆಗುವಾಗಲೇ ಆಪರೇಷನ್ ಹೆಸರು, ತಾರೀಖು, ಡಯಟ್ ಚೀಟಿ, ತಂಡದ ನಂಬರ್ ಫೋನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ಸೊರಬದ ಡಾಕ್ಟರು ಮೊದಲು ಕೇಳೋದು ಅದನ್ನೇ.