ಮೊದಲು ಧರ್ಮ ಸಿಕ್ಕಿತು, ಆಮೇಲೆ ಜನ

ದಕ್ಷಿಣ ಇಟಲಿಯ ಗಾರ್ಗಾನೊ ಸೀಮೆಯಲ್ಲಿ ಸಾನ್ ನಿಕಾಂದ್ರೊ ಎಂಬ ಊರಿದೆ. 1885ರಲ್ಲಿ ಅಲ್ಲಿ ಹುಟ್ಟಿದ ದೊನಾತೊ ಮಾಂದೂಜಿಯೊ ಬಡವರ ಮನೆಯ ಹುಡುಗ. ಮೊದಲ ಮಹಾಯುದ್ಧಕ್ಕೆ ಸೈನಿಕನಾಗಿ ಹೋದವನು ಕಾಲುಗಳ ಸ್ವಾಧೀನ ಕಳೆದುಕೊಂಡು ಮರಳಿದ. ಓದು ಕಲಿತದ್ದು ಮಿಲಿಟರಿ ಆಸ್ಪತ್ರೆಯಲ್ಲಿ. ಊರವರ ಪಾಲಿಗೆ ಆತ ಕತೆಗಾರ, ನಾಟಿ ಮದ್ದು ಕೊಡುವವ.

1930ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಆತನಿಗೆ ಕನಸು ಬಿತ್ತು. ಕತ್ತಲಲ್ಲಿ ಒಬ್ಬ ಮನುಷ್ಯ, ಕೈಯಲ್ಲಿ ಉರಿಯದ ಲಾಟೀನು. ಯಾಕೆ ಹಚ್ಚಿಲ್ಲ ಎಂದು ಕೇಳಿದರೆ, ನನ್ನ ಹತ್ತಿರ ಕಡ್ಡಿಯಿಲ್ಲ, ನಿನ್ನ ಕೈಯಲ್ಲಿದೆಯಲ್ಲ ಎಂದನಂತೆ. ನೋಡಿಕೊಂಡರೆ ಹೌದು, ಬೆಂಕಿಕಡ್ಡಿ! ಬೆಳಗಾದ ಮೇಲೆ ಪರಿಚಯದವನೊಬ್ಬ ಇಟಾಲಿಯನ್ ಬೈಬಲ್ ತಂದುಕೊಟ್ಟ.

ಹಳೆಯ ಒಡಂಬಡಿಕೆ ಓದುತ್ತ ಹೋದ ಮಾಂದೂಜಿಯೊಗೆ ಮೋಶೆಯ ಕಟ್ಟಳೆಯೇ ನಿಜವೆನಿಸಿತು. ಶನಿವಾರದ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಪಾಲಿಸತೊಡಗಿದ. ನೆರೆಹೊರೆಯ ಕೆಲವು ಕುಟುಂಬಗಳು ಜೊತೆಗೂಡಿದವು. ಆ ಕಟ್ಟಳೆಯ ಜನ ಮಾತ್ರ ಭೂಮಿಯ ಮೇಲೆ ಉಳಿದೇ ಇಲ್ಲ, ದೇವರು ತನ್ನಿಂದ ಮತ್ತೆ ಶುರುಮಾಡಿಸುತ್ತಿದ್ದಾನೆ ಎಂದೇ ಆತ ನಂಬಿದ್ದ. ಗುರುವಿಲ್ಲ, ಮಂದಿರವಿಲ್ಲ, ಕೈಯಲ್ಲಿ ಒಂದೇ ಪುಸ್ತಕ. ಇಷ್ಟರಲ್ಲೇ ಸಮುದಾಯ ಕಟ್ಟಿದನಲ್ಲ, ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಊರಿಗೆ ಬಂದ ಒಬ್ಬ ವ್ಯಾಪಾರಿ, ಯೆಹೂದಿಗಳು ಇಟಲಿಯ ದೊಡ್ಡ ಪಟ್ಟಣಗಳಲ್ಲೇ ಬದುಕಿದ್ದಾರೆ ಎಂದು ಹೇಳಿದಾಗ ಆತನಿಗಾದ ಸಂತೋಷ ಅಷ್ಟಿಷ್ಟಲ್ಲ. ಕೂಡಲೇ ರೋಮಿನ ಮುಖ್ಯ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಆಂಜೆಲೊ ಸಾಚೆರ್ದೋತಿಗೆ ಪತ್ರ ಬರೆದ. ಅವರು ಯಾರೋ ತಮಾಷೆ ಮಾಡುತ್ತಿದ್ದಾರೆಂದುಕೊಂಡರು. ಹಟ ಬಿಡದೆ ಬರೆದ ಮೇಲೆಯೇ ಉತ್ತರ ಬಂದದ್ದು. ಆದರೂ ಮತಾಂತರಕ್ಕೆ ರಬ್ಬಿಗಳು ಅವಸರಪಡಲಿಲ್ಲ. ಅದು ಅವರ ಪದ್ಧತಿ. ಬಂದವರ ಮನಸ್ಸು ಗಟ್ಟಿಯೇ ಎಂದು ಕಾದು ನೋಡುತ್ತಾರೆ. ಅಷ್ಟರಲ್ಲಿ 1938ರಲ್ಲಿ ಮುಸೊಲಿನಿಯ ಜನಾಂಗೀಯ ಕಾಯ್ದೆಗಳು ಬಂದವು. ಯೆಹೂದಿಗಳ ನೌಕರಿ, ಶಾಲೆ ಎಲ್ಲಕ್ಕೂ ಕುತ್ತು ಬಂದ ಆ ಹೊತ್ತಿನಲ್ಲೂ ಸಾನ್ ನಿಕಾಂದ್ರೊದವರು ನಮ್ಮನ್ನು ಸೇರಿಸಿಕೊಳ್ಳಿ ಎಂದೇ ಕೇಳುತ್ತಿದ್ದರು.

1943ರಲ್ಲಿ ಬ್ರಿಟಿಷ್ ಸೇನೆಯೊಂದಿಗೆ ಪ್ಯಾಲೆಸ್ಟೈನಿನ ಯೆಹೂದಿ ಸೈನಿಕರು ಆ ಸೀಮೆಗೆ ಬಂದರು. ಅವರ ಲಾರಿಗಳ ಮೇಲೆ ದಾವೀದನ ನಕ್ಷತ್ರವಿತ್ತು. ತಮ್ಮದೇ ಧರ್ಮ ಪಾಲಿಸುವ ರೈತಾಪಿ ಜನ ಇಲ್ಲಿ ಸಿಕ್ಕಾರೆಂದು ಅವರು ಎಣಿಸಿರಲಿಲ್ಲ.

1946ರಲ್ಲಿ ಮತಾಂತರ ಶಾಸ್ತ್ರೋಕ್ತವಾಗಿ ನಡೆಯಿತು. 1948ರ ಮಾರ್ಚ್‌ನಲ್ಲಿ, ಇಸ್ರೇಲ್ ಹುಟ್ಟುವ ಎರಡು ತಿಂಗಳ ಮೊದಲು, ಮಾಂದೂಜಿಯೊ ತೀರಿಕೊಂಡ. ಮರುವರ್ಷ ಅನುಯಾಯಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ ವಲಸೆ ಹೋದರು. ಊರಲ್ಲೇ ಉಳಿದ ಕೆಲವು ಹೆಂಗಸರು ಮಾತ್ರ ಸಬ್ಬತ್ ಬಿಡಲಿಲ್ಲ. ತಾವೇ ಕಟ್ಟಿದ ಭಕ್ತಿಗೀತೆಗಳನ್ನು ಮಕ್ಕಳಿಗೂ ಕಲಿಸಿದರು.