ರೋಗಿಗಳಿಲ್ಲದ ಆಸ್ಪತ್ರೆ

ಅಮೆರಿಕದ ಅಲಬಾಮಾ ರಾಜ್ಯದ ಆ್ಯನಿಸ್ಟನ್ ಪಟ್ಟಣದಲ್ಲಿ ಒಂದು ಆಸ್ಪತ್ರೆಯಿದೆ. ತುರ್ತು ವಿಭಾಗ, ವಾರ್ಡು, ಸ್ಟ್ರೆಚರು ಎಲ್ಲವೂ ಉಂಟು. ನಿಜವಾದ ರೋಗಿಯೊಬ್ಬರೂ ಇಲ್ಲ. ಫೋರ್ಟ್ ಮೆಕ್ಲೆಲನ್ ಸೇನಾ ನೆಲೆಯ ನೋಬಲ್ ಆಸ್ಪತ್ರೆ ಇದು. 1999ರಲ್ಲಿ ನೆಲೆ ಮುಚ್ಚಿತು, ಕಟ್ಟಡ ಉಳಿಯಿತು. ಭಯೋತ್ಪಾದಕರು ವಿಷಾನಿಲ ಬಿಟ್ಟರೆ, ರೋಗಾಣು ಹರಡಿದರೆ ಏನು ಮಾಡಬೇಕೆಂದು ಕಲಿಯಲು ದೇಶದ ನಾನಾ ಕಡೆಯ ನರ್ಸ್‌ಗಳು, ವೈದ್ಯರು, ಕೌಂಟಿ ಆರೋಗ್ಯ ಇಲಾಖೆಯವರು ಈಗ ಇಲ್ಲಿಗೆ ಬರುತ್ತಾರೆ. ಇದನ್ನು ನಡೆಸುತ್ತಿರುವುದು 1998ರಲ್ಲಿ ಶುರುವಾದ ಸೆಂಟರ್ ಫಾರ್ ಡೊಮೆಸ್ಟಿಕ್ ಪ್ರಿಪೇರ್ಡ್‌ನೆಸ್ ಎಂಬ ತರಬೇತಿ ಕೇಂದ್ರ. 2007ರಿಂದ ಅದು ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಕೈಯಲ್ಲಿದೆ.

ಇಂಥ ತರಬೇತಿ ಏಕೆ ಬೇಕೆನ್ನುವುದಕ್ಕೆ ಟೋಕಿಯೊದ ಒಂದು ಬೆಳಗ್ಗೆ ಸಾಕು. 1995ರ ಮಾರ್ಚ್ 20ರಂದು ಓಂ ಶಿನ್ರಿಕ್ಯೊ ಪಂಥದವರು ಮೆಟ್ರೊ ರೈಲುಗಳಲ್ಲಿ ಸಾರಿನ್ ಎಂಬ ನರವಿಷ ಬಿಟ್ಟರು. ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಅಂದು 640 ಮಂದಿ ಬಂದರು. ನಡೆದು ಬಂದವರು, ಸಿಕ್ಕ ಕಾರು ಹತ್ತಿ ಬಂದವರೇ ಹೆಚ್ಚು. ವಿಷ ಯಾವುದೆಂದು ಗೊತ್ತಾಗುವ ಹೊತ್ತಿಗೆ ಸುಮಾರು ಮೂರು ತಾಸು ಕಳೆದಿತ್ತು. ಅಷ್ಟರಲ್ಲಿ ರೋಗಿಗಳ ಬಟ್ಟೆಯಿಂದ ಎದ್ದ ಆವಿಯನ್ನು ಸಿಬ್ಬಂದಿಯೂ ಉಸಿರಾಡಿದ್ದರು. ಆಮೇಲೆ ಸಮೀಕ್ಷೆಗೆ ಉತ್ತರಿಸಿದ 472 ಸಿಬ್ಬಂದಿಯಲ್ಲಿ 110 ಮಂದಿಗೆ ವಿಷದ ಲಕ್ಷಣ ಕಾಣಿಸಿಕೊಂಡಿತ್ತು. ಆಸ್ಪತ್ರೆಯ ಗಾಳಿಯಾಡದ ಪ್ರಾರ್ಥನಾ ಮಂದಿರದಲ್ಲಿ ಆರೈಕೆಗೆ ನಿಂತವರ ಪಾಡು ಎಲ್ಲರಿಗಿಂತ ಕಷ್ಟದ್ದು. ಅವರಲ್ಲಿ ಧೈರ್ಯಕ್ಕಾಗಲಿ ಕರುಣೆಗಾಗಲಿ ಕೊರತೆಯಿರಲಿಲ್ಲ. ರೋಗಿಯನ್ನು ಬಾಗಿಲಲ್ಲೇ ನಿಲ್ಲಿಸಿ ಬಟ್ಟೆ ಕಳಚಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ನೋಬಲ್‌ನಲ್ಲಿ ಕಲಿಸುವುದು ಆ ಬಾಗಿಲಿನ ಕೆಲಸವನ್ನು. ಮೊದಲು ಕಲಿಯುವವರ ರಕ್ತದೊತ್ತಡ ನೋಡುತ್ತಾರೆ. ತೊಡಬೇಕಾದ ರಕ್ಷಣಾ ಉಡುಪಿನೊಳಗಿನ ಸೆಕೆ ಎಲ್ಲರಿಗೂ ಆಗಿಬರುವುದಿಲ್ಲ. ಮೈತುಂಬ ಆ ಉಡುಪು, ಕೈಗವಸಿನ ಮೇಲೊಂದು ಕೈಗವಸು, ಮಣಿಕಟ್ಟಿನ ಸಂದಿಗೆ ಟೇಪು, ತಲೆಗೆ ಗಾಳಿ ಊದುವ ಮುಸುಕು. ಮುಸುಕಿನೊಳಗೆ ಯಂತ್ರದ ಗುಂಯ್‌ಗುಡುವ ಸದ್ದು ತುಂಬಿಕೊಂಡು ಪಕ್ಕದವರ ಮಾತು ಕೇಳಿಸದು, ಕೈಸನ್ನೆಯೇ ಗತಿ. ಹೊರಗೆ ಕೆಮ್ಮುತ್ತ, ಅರಚುತ್ತ ಬರುವ ಗಾಯಾಳುಗಳು ನಟರು. ಅಲುಗಾಡದೆ ಮಲಗಿದವು ಬೊಂಬೆಗಳು. ನಡೆಯಬಲ್ಲವರದು ಒಂದು ಸಾಲು, ಸ್ಟ್ರೆಚರಿನವರದು ಇನ್ನೊಂದು. ಬಟ್ಟೆ ಕಳಚಿದರೇ ಮೈಮೇಲಿನ ವಿಷದ ಬಹುಪಾಲು ಹೋಗುತ್ತದೆ. ಉಳಿದದ್ದಕ್ಕೆ ಸೋಪು, ಧಾರಾಳ ನೀರು. ಯಾರನ್ನು ಮೊದಲು ಒಳಗೆ ಬಿಡಬೇಕು, ಯಾರು ಕಾಯಬಹುದು, ಯಾರನ್ನು ಉಳಿಸುವುದು ಸಾಧ್ಯವಿಲ್ಲ ಎಂಬುದನ್ನು ಅಲ್ಲೇ ತೀರ್ಮಾನಿಸಬೇಕು. ಒಬ್ಬೊಬ್ಬ ರೋಗಿಗೂ ಪೂರ್ತಿ ಗಮನ ಕೊಟ್ಟು ರೂಢಿಯಾದ ನರ್ಸಿಗೆ ಇದರಷ್ಟು ಕಠಿಣವಾದ ಪಾಠ ಬೇರೆ ಇರಲಾರದು.

ಕೇಂದ್ರದ ಇನ್ನೊಂದು ಘಟಕ ಕೋಬ್ರಾ. ಅಲ್ಲಿ ಸಾರಿನ್, ವಿಎಕ್ಸ್ ಎಂಬ ಅಸಲಿ ನರವಿಷಗಳನ್ನಿಟ್ಟೇ ತರಬೇತಿ. ತನ್ನ ಉಡುಪು ತನ್ನನ್ನು ಕಾಯುತ್ತದೆಂಬ ನಂಬಿಕೆ ಪುಸ್ತಕ ಓದಿ ಬರುವಂಥದ್ದಲ್ಲ, ನಿಜವಾದ ವಿಷದೆದುರು ನಿಂತೇ ಬರಬೇಕು. ಆ್ಯನಿಸ್ಟನ್ನಿಗೆ ವಿಷದ ನಂಟು ಹಳೆಯದು. ಅಲ್ಲಿನ ಸೇನಾ ಗೋದಾಮಿನಲ್ಲಿದ್ದ ರಾಸಾಯನಿಕ ಅಸ್ತ್ರಗಳನ್ನು ಸುಟ್ಟು ಮುಗಿಸಿದ್ದು 2011ರಲ್ಲಿ.

ಎಲ್ಲ ದಾಳಿಯೂ ಸದ್ದು ಮಾಡಿಕೊಂಡು ಬರುವುದಿಲ್ಲ. 1984ರಲ್ಲಿ ಆರೆಗಾನ್ ರಾಜ್ಯದ ದ ಡಾಲ್ಸ್ ಪಟ್ಟಣದಲ್ಲಿ 751 ಮಂದಿಗೆ ವಾಂತಿ ಭೇದಿಯಾಯಿತು. ಹೋಟೆಲಿನವರ ಕೈ ಶುಚಿಯಿಲ್ಲದ್ದೇ ಕಾರಣವೆಂದು ತನಿಖೆಗಾರರಿಗೆ ಮೊದಲು ತೋಚಿದ್ದು. ಸ್ಥಳೀಯ ಚುನಾವಣೆಯಲ್ಲಿ ಮತದಾರರನ್ನು ಮನೆಯಲ್ಲೇ ಕೂರಿಸಲು ರಜನೀಶ್ ಅನುಯಾಯಿಗಳು ಸಲಾಡಿಗೆ ಸಾಲ್ಮೊನೆಲ್ಲಾ ಬೆರೆಸಿದ್ದರೆಂಬುದು ಹೊರಬಿದ್ದದ್ದು ಮಾರನೆಯ ವರ್ಷ. 2001ರಲ್ಲಿ ಅಂಚೆಯ ಮೂಲಕ ಬಂದ ಆಂಥ್ರಾಕ್ಸ್ ಐವರನ್ನು ಕೊಂದಿತು. ಅದನ್ನು ಮೊದಲು ಗುರುತಿಸಿದ್ದು ಫ್ಲಾರಿಡಾದ ಒಂದು ಸ್ಥಳೀಯ ಆಸ್ಪತ್ರೆಯಲ್ಲಿ, ರೋಗಿಯ ಬೆನ್ನುಹುರಿಯ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು.

ಹಾಗಾಗಿ ಮಹಾನಗರದ ತಜ್ಞರಷ್ಟೇ ಕಲಿತರೆ ಸಾಲದು. ಆ್ಯನಿಸ್ಟನ್ನಿನಲ್ಲಿ ರಾಜ್ಯ ಮತ್ತು ಸ್ಥಳೀಯ ಸಿಬ್ಬಂದಿಯ ಪ್ರಯಾಣ, ಊಟ, ವಸತಿ, ತರಬೇತಿಯ ಖರ್ಚನ್ನು ಕೇಂದ್ರ ಸರ್ಕಾರ ಹೊರುತ್ತದೆ. ಆದರೂ ಇಬ್ಬರೇ ನರ್ಸ್‌ಗಳಿರುವ ಹಳ್ಳಿಯ ಆಸ್ಪತ್ರೆ ಒಬ್ಬರನ್ನು ಕಳಿಸಿ ಪಾಳಿ ತೂಗಿಸುವುದು ಸಣ್ಣ ಮಾತಲ್ಲ. ಅದಕ್ಕೇ ಇಲ್ಲಿ ತರಬೇತುದಾರರನ್ನು ತಯಾರು ಮಾಡುವ ಕೋರ್ಸುಗಳೂ ಇವೆ. ಕಲಿತು ಹೋದವರು ತಮ್ಮೂರಿನಲ್ಲಿ, ತಮ್ಮದೇ ಆಸ್ಪತ್ರೆಯ ಬಾಗಿಲಲ್ಲಿ, ಉಳಿದವರಿಗೆ ಕಲಿಸುತ್ತಾರೆ.